ಹಳೇ ಬಾಯ್ಲರ್ ಕೈಕೊಡೋ ಮುಂಚೆ: ಹೀಟ್ ಪಂಪ್, ಫ್ಲೋರ್ ಹೀಟಿಂಗ್, ಸೌದೆ ಒಲೆ, ಕರೆಂಟ್ ಹೀಟರ್, ಯಾವ್ದು ಹಾಕ್ಸೋದು?

ಮೂಲೆಮನೆ
ನಮ್ದು ಹಳೇ ಎರಡಂತಸ್ತಿನ ಮನೆ, ಇಟ್ಟಿಗೆ ಗೋಡೆ, ಎರಡು ಕಡೆ ಗಾಳಿ ಹೊಡೆಯತ್ತೆ. ನೀರು ಕಾಯಿಸೋ ಗ್ಯಾಸ್ ಬಾಯ್ಲರ್ ಇದೆ, ಆ ಬಿಸಿನೀರು ಹರಿದು ರೂಮ್ ಬಿಸಿ ಮಾಡೋ ರೇಡಿಯೇಟರ್ ರೂಮಿಗೊಂದು. ಬಾಯ್ಲರ್‌ಗೆ ವಯಸ್ಸಾಗಿದೆ, ಬೆಳಗ್ಗೆ ಆನ್ ಆಗೋವಾಗ ಕೆಮ್ಮತ್ತೆ, ಇನ್ನೊಂದು ಚಳಿಗಾಲ ದಾಟತ್ತೋ ಇಲ್ವೋ ಗೊತ್ತಿಲ್ಲ. ಬದಲಾಯಿಸೋಣ ಅಂತ ವಿಚಾರಿಸೋಕೆ ಹೋದ್ರೆ ತಲೆಗೊಂದು ಮಾತು. ಒಬ್ರು ಕಣ್ಮುಚ್ಕೊಂಡು ಹೀಟ್ ಪಂಪ್ ಹಾಕ್ಸಿ ಅಂತಾರೆ, ಇನ್ನೊಬ್ರು ಹಳೇ ಮನೆಗೆ ಹೀಟ್ ಪಂಪ್ ಹಾಕಿದ್ರೆ ಮನೇಲೂ ಜಾಕೆಟ್ ಹಾಕ್ಕೊಂಡು ಕೂರ್ಬೇಕು ಅಂತಾರೆ, ಮತ್ತೊಬ್ರು ನೆಲದಡಿ ಪೈಪ್ ಹಾಕ್ಸಿದ್ರೆ ಸ್ವರ್ಗ ಅಂತಾರೆ. ಮನೆ ನೋಡೋಕೆ ಬಂದಿದ್ದ ಒಬ್ಬ ಮಹಾಶಯ ಮೇಲೆ ಹತ್ತಿ ರೂಮ್ ಕೂಡ ನೋಡ್ಲಿಲ್ಲ, ಹಾಲ್‌ನಲ್ಲೇ ನಿಂತು 16 ಕಿಲೋವ್ಯಾಟ್ ಬೇಕು ಅಂತ ಬರ್ಕೊಂಡು ಹೋದ. ಬಳಸ್ತಾ ಇರೋರು ಹೇಳಿ, ಮಾರೋರ ಮಾತು ಸಾಕಾಗಿದೆ.

ಲೆಕ್ಕದಪುಸ್ತಕ
ಮೊದ್ಲು ಒಂದು ಗೊಂದಲ ತೆಗ್ದುಬಿಡೋಣ, ಯಾಕಂದ್ರೆ ಇದು ಪ್ರತಿ ಸಲ ಬರತ್ತೆ. ಕರೆಂಟಲ್ಲಿ ನೇರವಾಗಿ ಬಿಸಿ ಮಾಡೋ ಯಾವ ಹೀಟರ್ ಆದ್ರೂ, ಆಯಿಲ್ ತುಂಬಿದ ರೇಡಿಯೇಟರ್ ಇರ್ಲಿ, ಫ್ಯಾನ್ ಹೀಟರ್ ಇರ್ಲಿ, ಸೆರಾಮಿಕ್ ಅಂತ ಮಾರೋದಿರ್ಲಿ, ಒಂದು ಯೂನಿಟ್ ಕರೆಂಟ್ ತಿಂದ್ರೆ ಒಂದು ಯೂನಿಟ್ ಶಾಖ ಕೊಡತ್ತೆ, ಅಷ್ಟೇ. ಡಬ್ಬದ ಮೇಲೆ ಎನರ್ಜಿ ಸೇವರ್ ಅಂತ ಎಷ್ಟು ದಪ್ಪಕ್ಕೆ ಬರೆದ್ರೂ ಭೌತಶಾಸ್ತ್ರ ಬದಲಾಗಲ್ಲ. ಆಯಿಲ್‌ದು ನಿಧಾನಕ್ಕೆ ಬಿಸಿ ಆಗಿ ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಬಿಸಿ ಇರತ್ತೆ, ಸದ್ದಿಲ್ಲ. ಫ್ಯಾನ್‌ದು ತಕ್ಷಣ ಬಿಸಿ, ಗುಂಯ್ ಅನ್ನತ್ತೆ. ಬಿಲ್ ಮಾತ್ರ ಎರಡಕ್ಕೂ ಒಂದೇ.

ಇನ್‌ಫ್ರಾರೆಡ್ ಪ್ಯಾನೆಲ್‌ದು ಸ್ವಲ್ಪ ಬೇರೆ ಕತೆ. ಅದೂ ಒಂದಕ್ಕೆ ಒಂದೇ, ಆದ್ರೆ ಗಾಳಿಗಿಂತ ಜಾಸ್ತಿ ಎದುರಿಗಿರೋ ಮೈನೇ ಬಿಸಿ ಮಾಡೋದ್ರಿಂದ ರೂಮ್ ಪೂರ್ತಿ ಬಿಸಿ ಮಾಡದೇ ಕೂತಿರೋ ಜಾಗದಲ್ಲಿ ಬೆಚ್ಚಗನ್ಸತ್ತೆ. ಬಾತ್‌ರೂಮು, ಗ್ಯಾರೇಜು, ಕೆಲಸ ಮಾಡೋ ಟೇಬಲ್ಲು, ಇಂಥ ಕಡೆ ಒಳ್ಳೇದು. ಇಡೀ ಮನೆಗೆ ಅದನ್ನೇ ಹಾಕಿ ಬಿಲ್ ಅರ್ಧ ಮಾಡ್ತೀನಿ ಅನ್ನೋರನ್ನ ನಂಬ್ಬೇಡಿ.

ಹೀಟ್ ಪಂಪ್ ಮಾತ್ರ ಈ ಲೆಕ್ಕದಿಂದ ಹೊರಗೆ, ಅದು ಶಾಖ ತಯಾರ್ ಮಾಡಲ್ಲ, ಹೊರಗಿಂದ ಒಳಗೆ ಸಾಗಿಸತ್ತೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಬಂತು ಅನ್ನೋದೇ ಸಿಒಪಿ. ಹೊರಗಡೆ 7 ಡಿಗ್ರಿ ಇದ್ದಾಗ 3-4 ಸಿಗತ್ತೆ, ಮೈನಸ್ 15 ಹತ್ರ ಹೋದಾಗ ಒಳ್ಳೆ ಮೆಷಿನ್‌ದೂ 2 ಆಸುಪಾಸಿಗೆ ಇಳಿಯತ್ತೆ. ಇಳಿದ್ರೂ ಸಾದಾ ಹೀಟರ್‌ಗಿಂತ ಡಬಲ್ಲೇ ಆಯ್ತಲ್ಲ.

ಅನುಮಾನಸ್ಥ
ಮೈನಸ್ 15ರಲ್ಲಿ ಹೊರಗೆ ಎಲ್ಲಿ ಗುರು ಶಾಖ ಇರತ್ತೆ. ಇದೆಲ್ಲಾ ಹೊಸ ಟೆಕ್ನಾಲಜಿ, ಹತ್ತು ವರ್ಷ ಬಿಟ್ಟು ನೋಡೋಣ, ಅಲ್ಲೀವರ್ಗೂ ನನ್ ಗ್ಯಾಸ್ ನಂಗೆ.

ತಂಗಾಳಿ
ಹೊಸದಾ? ಮನೆ ಬಿಸಿ ಮಾಡೋಕೆ ಹೀಗೆ ಮಾಡ್ಬೋದು ಅಂತ ಲಾರ್ಡ್ ಕೆಲ್ವಿನ್ 1852ರಲ್ಲೇ ಬರೆದಿದ್ರು, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಟೌನ್ ಹಾಲ್‌ಗೆ 1938ರಲ್ಲಿ ಹೀಟ್ ಪಂಪ್ ಹಾಕಿ ನದಿ ನೀರಿನ ಶಾಖ ಎಳ್ಕೊಂಡು ಬಿಸಿ ಮಾಡಿದ್ರು. ಅಡುಗೆಮನೇಲಿರೋ ಫ್ರಿಜ್ಜೂ ಅದೇ ಮೆಷಿನ್ನು, ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ. ಮೈನಸ್ 15ರಲ್ಲಿ ಶಾಖ ಇರಲ್ಲ ಅನ್ನೋದು ನಮ್ ಮೈಗೆ ಅನ್ಸೋದು, ಆದ್ರೆ ಮೆಷಿನ್ ಒಳಗೆ ಶಾಖ ಹೊತ್ತು ತಿರುಗೋ ಗ್ಯಾಸಿಗೆ ಹಂಗಲ್ಲ. ಸಾಮಾನ್ಯ ಒತ್ತಡದಲ್ಲಿ ಆರ್-32 ಅನ್ನೋ ಅಂಥ ಗ್ಯಾಸ್ ಕುದಿಯೋದು ಮೈನಸ್ 52ರ ಹತ್ರ, ಪ್ರೊಪೇನ್ ಅಂದ್ರೆ ಆರ್-290 ಕುದಿಯೋದು ಮೈನಸ್ 42ರಲ್ಲಿ. ಅದಕ್ಕೆ ಮೈನಸ್ 15ರ ಗಾಳಿ ಬಿಸಿಗಾಳಿನೇ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಕಡೆನೇ ಯೂರೋಪಲ್ಲಿ ತಲೆಗೆ ಜಾಸ್ತಿ ಹೀಟ್ ಪಂಪ್ ಇರೋದು, ಅವ್ರಿಗಿಂತ ಚಳಿ ಇದ್ಯಾ ನಿಮ್ಗೆ.

ಆದ್ರೆ ನಾನು ಇದರ ಏಜೆಂಟ್ ಅಲ್ಲ, ಕಿರಿಕಿರಿಗಳನ್ನೂ ಹೇಳ್ತೀನಿ. ಇದಕ್ಕೆ ಕಷ್ಟ ಆಗೋದು ಒಣ ಮೈನಸ್ 10ರಲ್ಲಿ ಅಲ್ಲ, ಹೊರಗೆ 1-2 ಡಿಗ್ರಿ ಇದ್ದು ಮಂಜು ಕವಿದು ಒದ್ದೆ ಒದ್ದೆ ಇರತ್ತಲ್ಲ, ಅವಾಗ. ಹೊರಗಿನ ಕಾಯ್ಲ್, ಅಂದ್ರೆ ಗಾಳಿಯಿಂದ ಶಾಖ ಎಳೆಯೋ ಪೈಪಿನ ಸುರುಳಿ, ಅದರ ಮೇಲೆ ಹಿಮ ಕಟ್ಕೊಂಡು ಬೆಳ್ಳಗಾಗತ್ತೆ, ಗಾಳಿ ಹೋಗೋ ಸಂದಿಯೆಲ್ಲಾ ಮುಚ್ಚೋಗತ್ತೆ. ಆಗ ಮೆಷಿನ್ ತಾನೇ ಉಲ್ಟಾ ತಿರುಗಿ ಮನೆ ಒಳಗಿನ ಶಾಖ ಸ್ವಲ್ಪ ತಗೊಂಡು ಆ ಹಿಮ ಕರಗಿಸತ್ತೆ, ಇದಕ್ಕೇ ಡಿಫ್ರಾಸ್ಟ್ ಅನ್ನೋದು, ಫ್ಯಾನ್ ನಿಲ್ಲತ್ತೆ, ಒಳಗಿಂದ ಬುಸ್ ಅಂತ ಸದ್ದು, ಆಮೇಲೆ ಒಂದ್ಸಲಕ್ಕೆ ದಟ್ಟ ಹಬೆ ಮೇಲೇಳತ್ತೆ. ಮೊದಲ್ನೇ ಸಲ ಅದನ್ನ ನೋಡಿದ ಪಕ್ಕದ ಮನೆಯವ್ರು ಬೆಂಕಿ ಹತ್ಕೊಂಡಿದೆ ಅಂತ ಬಾಗಿಲು ಬಡಿದ್ರು. ಕೆಲವು ನಿಮಿಷ, ಮತ್ತೆ ಮೊದಲಿನಂಗೆ. ಕರಗಿದ ನೀರು ಕೆಳಗೆ ಹೋಗೋಕೆ ದಾರಿ ಮಾಡದಿದ್ರೆ ರಾತ್ರಿ ಅಲ್ಲೇ ಮಂಜುಗಡ್ಡೆ ಆಗತ್ತೆ.

ಬೂದಿಮುಚ್ಚಿದಕೆಂಡ
ನೀವೆಲ್ಲಾ ಏನ ಹೇಳ್ರಿ, ಕಟ್ಟಿಗಿ ಒಲಿ ಮುಂದ ಕುಂತ ಸುಖ ಬ್ಯಾರೆ ಯಾವುದರಾಗೂ ಇಲ್ಲ ನೋಡ್ರಿ. ಕರೆಂಟ್ ಹೋದ್ರ ಹೀಟ್ ಪಂಪ್ ಬಂದ್, ಗ್ಯಾಸ್ ಬಾಯ್ಲರೂ ಬಂದ್, ಅದಕ್ಕೂ ಪಂಪು ಫ್ಯಾನು ಎಲ್ಲಾ ಕರೆಂಟ್ ಮ್ಯಾಲೇ ಓಡೋದು. ನನ್ನ ಒಲಿ ಒಂದ ನಡಿಯೂದು.

ಖರೆ, ಒಲಿ ಅಂದ್ರ ಚಂದಕ್ಕ ಇಡೋ ತೆರೆದ ಫೈರ್‌ಪ್ಲೇಸ್ ಅಲ್ರಿ. ಅದರಾಗ ನೂರು ಪಾಲು ಶಾಖದಾಗ ಹತ್ತು-ಹದಿನೈದು ಪಾಲು ರೂಮಿಗೆ ಬಂದ್ರ ಪುಣ್ಯ, ಉಳಿದದ್ದೆಲ್ಲಾ ಚಿಮಣಿ ಹಿಡ್ಕೊಂಡು ಆಕಾಶಕ್ಕ ಹೊಂಟಿತು, ಮ್ಯಾಲ ಮನಿ ಬಿಸಿ ಗಾಳಿನೂ ಎಳಕೊಂಡು ಹೋಗ್ತೈತಿ. ಬಾಗಲಾ ಮುಚ್ಚೋ ಕಬ್ಬಿಣದ ಒಲಿ ಚಲೋದು ತಗೊಂಡ್ರ 70-80 ಪಾಲು ಸಿಗ್ತೈತಿ.

ಎಲ್ಲಾ ಕಟ್ಟಿಗಿ ಮ್ಯಾಲ ಐತ್ರಿ. ಹಸಿ ಕಟ್ಟಿಗಿ ಹಚ್ಚಿದ್ರ ಅದರೊಳಗಿನ ನೀರು ಕುದಿಸೂದ್ರಾಗ ಒಂದಿಷ್ಟು ಬೆಂಕಿ ಸುಮ್ನ ಮುಗೀತದ. 20% ತೇವಕ್ಕಿಂತ ಕಡಿಮಿ ಇದ್ರ ಕಿಲೋಕ್ಕ 4 ಯೂನಿಟ್ ಶಾಖ, ಈಗಷ್ಟ ಕಡದದ್ದು ಅರ್ಧಕ್ಕರ್ಧ ನೀರು ಇರೂದು ಹಚ್ಚಿದ್ರ 2 ಚಿಲ್ಲರೆ ಅಷ್ಟ. ತೇವ ನೋಡೋ ಮೀಟರ್ ಸಿಗ್ತೈತಿ, ಆದ್ರ ತುಂಡಿನ ಮ್ಯಾಲ ಚುಚ್ಚಬ್ಯಾಡ್ರಿ, ಮ್ಯಾಲ ಯಾವಾಗ್ಲೂ ಒಣಗೇ ಇರ್ತದ. ಸೀಳಿ ಒಳಗಿನ ಹೊಸ ಮೈಗೆ ಚುಚ್ಚಿ ನೋಡ್ರಿ. ಹಸಿದು ಸುಟ್ರ ಚಿಮಣಿ ಒಳಗ ಕ್ರಿಯೋಸೋಟ್ ಅಂತ ಕರ್ರಗ ಟಾರಿನಂಗ ಹತ್ತತೈತಿ, ಅದಕ್ಕ ಬೆಂಕಿ ಹತ್ತಿದ್ರ ಮನಿನೇ ಹೋಗ್ತದ. ವರ್ಷಕ್ಕೊಮ್ಮಿ ಚಿಮಣಿ ತಿಕ್ಕಸಬೇಕು, ಇದರಾಗ ಜಿಪುಣತನ ಬ್ಯಾಡ.

ಧೂಳುಕಣ
ಒಲೆ ಚೆನ್ನಾಗಿದೆ ಸಾರ್, ಆದ್ರೆ ಹೊಗೆಯ ಸಣ್ಣ ಕಣ ಅಕ್ಕಪಕ್ಕದವ್ರೂ ಕುಡೀಬೇಕಲ್ಲ, ಮನೇಲಿ ಆಸ್ತಮಾ ಇರೋರಿದ್ರೆ ನಾನಂತೂ ಬೇಡ ಅಂತೀನಿ. ಮರದ ಪುಡಿ ಒತ್ತಿ ಮಾಡಿದ ಸಣ್ಣ ಗುಳಿಗೆ ಉರಿಸೋ ಪೆಲೆಟ್ ಒಲೆ ಈ ವಿಷಯದಲ್ಲಿ ಎಷ್ಟೋ ಮೇಲು, ಅದರ ತೇವ 10%ಗಿಂತ ಕಮ್ಮಿ, ತಾನೇ ಸುರ್ಕೊಳತ್ತೆ, ಥರ್ಮೋಸ್ಟ್ಯಾಟ್ ಕೂಡ ಇರತ್ತೆ. ಆದ್ರೆ ಸುರಿಯೋ ಮೋಟಾರಿಗೆ ಕರೆಂಟ್ ಬೇಕು, ಅಲ್ಲಿಗೆ ಒಲೆಯ ದೊಡ್ಡ ಗುಣನೇ ಹೋಯ್ತು. ಇನ್ನೊಂದು ವಿಷ್ಯ, ಬಿಗಿಯಾಗಿರೋ ಮನೇಲಿ ಅಡುಗೆಮನೆ ಎಕ್ಸಾಸ್ಟ್ ಜೋರಾಗಿ ಹಾಕಿದ್ರೆ ಅದು ಗಾಳಿ ಎಳೆಯೋ ರಭಸಕ್ಕೆ ಚಿಮಣಿ ಹೊಗೆ ವಾಪಸ್ ರೂಮಿಗೇ ಬರತ್ತೆ. ಒಲೆಗೆ ಹೊರಗಿಂದ್ಲೇ ಗಾಳಿ ಬರೋ ಪೈಪ್ ಪ್ರತ್ಯೇಕ ಕೊಡ್ಸೋದು ಇದಕ್ಕೇ.

ನಮ್ದು ಡಕ್ಟ್ ಸಿಸ್ಟಮ್, ಫರ್ನೇಸ್ ಗಾಳಿ ಬಿಸಿ ಮಾಡಿ ದೊಡ್ಡ ಕೊಳವೆಗಳಲ್ಲಿ ರೂಮ್ ರೂಮಿಗೂ ಊದತ್ತೆ. ಬೇಗ ಬಿಸಿ ಆಗತ್ತೆ, ಬೇಸಿಗೇಲಿ ಅದೇ ಡಕ್ಟಲ್ಲಿ ಎಸಿ, ಫಿಲ್ಟರ್ ಹಾಕ್ಬೋದು. ಕೆಟ್ಟದ್ದು ಅಂದ್ರೆ ಬ್ಲೋವರ್ ನಿಂತ ತಕ್ಷಣ ಥಂಡಿ, ಮತ್ತೆ ಡಕ್ಟ್ ಜಾಯಿಂಟ್‌ಗಳಲ್ಲಿ ಸೋರಿಕೆ. ಅಟ್ಟದಲ್ಲಿ ಹಾದು ಹೋಗೋ ಡಕ್ಟ್ ಸೋರಿದ್ರೆ ನೀವು ದುಡ್ಡು ಕೊಟ್ಟು ಅಟ್ಟ ಬಿಸಿ ಮಾಡ್ತಿರ್ತೀರಿ, ಸಾಧಾರಣ ಮನೆಗಳಲ್ಲಿ ಡಕ್ಟಿನ ಗಾಳಿ 20-30% ಹೀಗೇ ಪೋಲಾಗತ್ತೆ. ಗಾಳಿ ಒಣಗತ್ತೆ ಅಂತ ಫರ್ನೇಸನ್ನ ಬೈತಾರಲ್ಲ, ಅದು ಪೂರ್ತಿ ನ್ಯಾಯ ಅಲ್ಲ. 0 ಡಿಗ್ರಿಯ ಹೊರಗಾಳಿಯನ್ನ ಒಳಗೆ ತಂದು 20 ಡಿಗ್ರಿಗೆ ಬಿಸಿ ಮಾಡಿದ್ರೆ, ಹೊರಗೆ 100% ತೇವ ಇದ್ರೂ ಒಳಗೆ 26% ಆಸುಪಾಸಿಗೆ ಬೀಳತ್ತೆ, ಯಾವ ಸಿಸ್ಟಮ್ ಹಾಕಿದ್ರೂ ಇದೇ. ಸಂದಿಗಳಿಂದ ಥಂಡಿ ಗಾಳಿ ನುಗ್ಗೋದು ನಿಲ್ಸಿದ್ರೆ ತುಟಿ ಒಡೆಯೋದೂ ಕಮ್ಮಿ ಆಗತ್ತೆ.

ಕಂಬಳಿಹುಳ
ಅಂತೂ ಒಬ್ರು ಸಂದಿ ಬಗ್ಗೆ ಮಾತಾಡಿದ್ರು. ಮೂಲೆಮನೆಯವ್ರೇ, ಯಾವ ಮೆಷಿನ್ ಅನ್ನೋದು ಎರಡನೇ ಪ್ರಶ್ನೆ. ನಿಮ್ಮನೆ ಗಂಟೆಗೆ ಎಷ್ಟು ಶಾಖ ಕಳ್ಕೊಳತ್ತೆ ಅನ್ನೋದು ಮೊದಲನೇದು, ತೂತಿರೋ ಬಿಂದಿಗೆಗೆ ಯಾವ ನಲ್ಲಿ ಒಳ್ಳೇದು ಅಂತ ಕೇಳಿದಂಗಿದೆ ಈ ಚರ್ಚೆ.

ಲೆಕ್ಕ ಸುಲಭ, ಗೋಡೆ, ಗಾಜು, ಚಾವಣಿ ಎಷ್ಟು ಸುಲಭವಾಗಿ ಶಾಖ ಸೋರಿಸತ್ತೆ ಅಂತ ಹೇಳೋ ಯು ಅನ್ನೋ ಒಂದು ಸಂಖ್ಯೆ, ಅದನ್ನ ವಿಸ್ತೀರ್ಣದಿಂದ ಗುಣಿಸಿ, ಒಳಗೆ ಹೊರಗಿನ ಡಿಗ್ರಿ ವ್ಯತ್ಯಾಸದಿಂದ ಗುಣಿಸಿ, ವ್ಯಾಟ್ ಬರತ್ತೆ. ಒಂಟಿ ಗಾಜಿನ ಕಿಟಕಿಯ ಯು 5.5 ಹತ್ರ ಇರತ್ತೆ. ಇಡೀ ಮನೇಲಿ 10 ಚದರ ಮೀಟರ್ ಕಿಟಕಿ, ಒಳಗೆ 20 ಹೊರಗೆ 0 ಅಂದ್ರೆ 1100 ವ್ಯಾಟ್ ಬರೀ ಗಾಜಿಂದ ಹೋಗತ್ತೆ. ಒಳ್ಳೆ ಜೋಡಿ ಗಾಜು ಹಾಕಿ ಯು 1.4 ಆದ್ರೆ 280 ವ್ಯಾಟ್. ಅಟ್ಟ ಇನ್ನೂ ಮಜಾ. ಏನೂ ಹೊದ್ದಿಸದ ಚಾವಣಿ 50 ಚದರ ಮೀಟರ್ ಇದ್ರೆ 2 ಕಿಲೋವ್ಯಾಟ್‌ಗೂ ಮೇಲೆ ಹಾರಿಹೋಗತ್ತೆ, 27-30 ಸೆಂಟಿಮೀಟರ್ ಮಿನರಲ್ ವೂಲ್ (ಕಲ್ಲು, ಗಾಜಿನ ಎಳೆಯ ಹೊದಿಕೆ) ಹಾಸಿದ್ರೆ 150 ವ್ಯಾಟ್ ಚಿಲ್ಲರೆ. ಇದಕ್ಕೆ ಸರ್ವೀಸ್ ಬೇಡ, ಕರೆಂಟ್ ಬೇಡ, ಸದ್ದಿಲ್ಲ, ಕೆಡೋದಿಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಕಟ್ಟಿದ ಮೊದಲ ಪ್ಯಾಸಿವ್ ಹೌಸ್, ಅಂದ್ರೆ ಹೀಟರ್ ಬಹುತೇಕ ಬೇಡದಷ್ಟು ಶಾಖ ಹಿಡಿದಿಡೋ ಮನೆ, ಇದೇ ಹಠದ್ದು, ಆ ಲೆಕ್ಕದ ಮನೆಗೆ ಚಳಿ ಹೆಚ್ಚಿರೋ ದಿನಾನೂ ಚದರ ಮೀಟರಿಗೆ 10 ವ್ಯಾಟ್ ಸಾಕು. 100 ಚದರ ಮೀಟರ್ ಮನೆಗೆ ಒಂದು ಸಣ್ಣ ರೂಮ್ ಹೀಟರಿನಷ್ಟು ಶಾಖ.

ಅನುಮಾನಸ್ಥ
ಇರೋ ಹಳೇ ಮನೇನ ಪ್ಯಾಸಿವ್ ಹೌಸ್ ಮಾಡೋಕೆ ಆಗತ್ತೇನ್ರಿ. ಇಟ್ಟಿಗೆ ಗೋಡೆಗೆ ಒಳಗಿಂದ ಥರ್ಮೋಕೋಲ್ ಅಂಟಿಸಿ ಆಮೇಲೆ ಹಿಂದೆ ಬೂಷ್ಟು ಬಂದಿದ್ದು ನೋಡಿದೀನಿ ನಾನು.

ಕಂಬಳಿಹುಳ
ನೀವು ನೋಡಿರೋದು ನಿಜನೇ, ಒಳಗಿಂದ ಗೋಡೆಗೆ ಹೊದ್ದಿಸೋದು ಎಲ್ಲಕ್ಕಿಂತ ನಾಜೂಕು ಕೆಲಸ. ಒಳಗಿನ ತೇವದ ಗಾಳಿ ಸಂದೀಲಿ ನುಸುಳಿ ಥಣ್ಣಗಿರೋ ಇಟ್ಟಿಗೆಗೆ ತಾಗಿ ನೀರಾಗತ್ತೆ. ಅದಕ್ಕೇ ನಾನು ಗೋಡೆ ಅನ್ಲಿಲ್ಲ, ಅಟ್ಟ, ಕಿಟಕಿ, ಬಾಗಿಲ ಸಂದಿ ಅಂದೆ. ಗೋಡೆ ಆಮೇಲೆ, ಆದ್ರೆ ಹೊರಗಿಂದ.

ಬರಿಗಾಲು
ಫ್ಲೋರ್ ಹೀಟಿಂಗ್ ಬಳಸೋರು ಯಾರೂ ಮಾತಾಡಿಲ್ಲ ಅಂತ ಬಂದೆ. ರೋಮನ್ನರು ನೆಲದಡಿ ಬಿಸಿಗಾಳಿ ಹರಿಸ್ತಿದ್ರು, ಕೊರಿಯಾದಲ್ಲಿ ಒಂಡೋಲ್ ಅಂತ ಇವತ್ತಿಗೂ ನೆಲನೇ ಬಿಸಿ ಮಾಡ್ತಾರೆ, ಅವ್ರು ದಡ್ಡರಲ್ಲ. ಕಾಲು ಬೆಚ್ಚಗಿದ್ರೆ ಗಾಳಿ ಒಂದೆರಡು ಡಿಗ್ರಿ ಕಮ್ಮಿ ಇದ್ರೂ ಗೊತ್ತಾಗಲ್ಲ, ಗೋಡೆ ಮೇಲೆ ರೇಡಿಯೇಟರ್ ಇಲ್ಲ, ಧೂಳು ಏಳಲ್ಲ. ದೊಡ್ಡ ಲಾಭ ಅಂದ್ರೆ ಇದಕ್ಕೆ 35-40 ಡಿಗ್ರಿ ನೀರು ಸಾಕು, ಜನ ಓಡಾಡೋ ಕಡೆ ನೆಲದ ಮೇಲ್ಮೈ 29 ದಾಟ್ಬಾರ್ದು ಅಂತ್ಲೇ ನಿಯಮ ಇರೋದು, ಮರದ ನೆಲ ಆದ್ರೆ 27. ಅಷ್ಟು ಕಮ್ಮಿ ಬಿಸಿ ನೀರು ಕೊಡೋದ್ರಲ್ಲಿ ಹೀಟ್ ಪಂಪನ್ನ ಮೀರಿಸೋರಿಲ್ಲ.

ಆದ್ರೆ ಸೋಮಾರಿ ಸಿಸ್ಟಮ್. ಪೈಪ್ ಮೇಲೆ 6-7 ಸೆಂಟಿಮೀಟರ್ ಸಿಮೆಂಟ್ ಇರತ್ತಲ್ಲ, ಅದು ಬಿಸಿ ಆಗೋಕೇ ಗಂಟೆಗಟ್ಟಲೆ. ಬೆಳಗ್ಗೆ ಬಿಸಿ ಮಾಡಿ ಇಟ್ಟಿರ್ತೀರಿ, ಮಧ್ಯಾಹ್ನ ಕಿಟಕೀಲಿ ಬಿಸಿಲು ಬಿತ್ತು ಅಂದ್ರೆ ನೆಲ ಆಫ್ ಮಾಡಿದ್ರೂ ಸಂಜೆವರ್ಗೂ ಶಾಖ ಬಿಡ್ತಾನೇ ಇರತ್ತೆ, ಕಿಟಕಿ ತೆಗ್ದು ಕೂರ್ಬೇಕು. ದಪ್ಪ ಕಾರ್ಪೆಟ್ ಹಾಸಿದ್ರೆ ಹಾಕ್ಸಿದ್ದೇ ದಂಡ. ಇರೋ ಮನೆಗೆ ಹಾಕ್ಸೋದಾದ್ರೆ ನೆಲ ಒಡೀಬೇಕು ಇಲ್ಲಾ 2 ಸೆಂಟಿಮೀಟರಿನ ತೆಳು ಬೋರ್ಡ್ ಮೇಲೆ ಹಾಸ್ಬೇಕು, ಹಾಸಿದ್ರೆ ಬಾಗಿಲೆಲ್ಲಾ ಕೆಳಗಡೆ ಕುಯ್ಯಿಸ್ಬೇಕು, ಮೆಟ್ಟಿಲಿನ ಮೊದಲ ಹೆಜ್ಜೆ ಗಿಡ್ಡ ಆಗತ್ತೆ, ದಿನಾ ಎಡವ್ತೀರಿ. ನೆಲದಡಿ ಇನ್ಸುಲೇಷನ್ ಇಲ್ದೇ ಹಾಕಿದ್ರೆ ಭೂಮಿತಾಯಿಗೆ ಅಭಿಷೇಕ. ಹೇಗೂ ನೆಲ ಕೀಳೋ ರಿಪೇರಿ ಇದ್ರೆ ಮಾಡಿ, ಇದಕ್ಕೋಸ್ಕರನೇ ನೆಲ ಕೀಳ್ಬೇಡಿ.

ಸ್ಕ್ರೂಡ್ರೈವರ್
ನಾನು ಬಾಯ್ಲರೂ ಹಾಕ್ತೀನಿ ಹೀಟ್ ಪಂಪೂ ಹಾಕ್ತೀನಿ, ಆದ್ದರಿಂದ ಯಾವ ಪಾರ್ಟಿನೂ ಅಲ್ಲ. ಮೂಲೆಮನೆ, ಏನನ್ನೂ ಕೊಳ್ಳೋ ಮುಂಚೆ ಎರಡು ಪರೀಕ್ಷೆ ಮಾಡಿ, ಎರಡೂ ಪುಕ್ಕಟೆ.

ಒಂದು, ಚೆನ್ನಾಗಿ ಚಳಿ ಇರೋ ದಿನ ನೋಡಿ ಗ್ಯಾಸ್ ಮೀಟರ್ ಬರ್ಕೊಳ್ಳಿ, 24 ಗಂಟೆ ಬಿಟ್ಟು ಮತ್ತೆ ಬರ್ಕೊಳ್ಳಿ. ನ್ಯಾಚುರಲ್ ಗ್ಯಾಸ್ ಒಂದು ಕ್ಯೂಬಿಕ್ ಮೀಟರಿಗೆ ಹೆಚ್ಚುಕಮ್ಮಿ 10 ಯೂನಿಟ್ ಶಾಖ. ಬಂದ ಸಂಖ್ಯೆನ 10ರಿಂದ ಗುಣಿಸಿ, ಹಳೇ ಬಾಯ್ಲರ್ ಅಂತ 0.85ರಿಂದ ಗುಣಿಸಿ, 24ರಿಂದ ಭಾಗಿಸಿ. ಅಷ್ಟೇ ನಿಮ್ಮನೆ ಅವತ್ತು ಸರಾಸರಿ ತಿಂದ ಕಿಲೋವ್ಯಾಟ್. ಬಾಯ್ಲರ್ ಮೇಲೆ 24 ಕಿಲೋವ್ಯಾಟ್ ಅಂತ ಬರೆದಿರತ್ತೆ, ಅದು ಸ್ನಾನಕ್ಕೆ ತಕ್ಷಣ ಬಿಸಿ ನೀರು ಕೊಡೋಕೆ ಇಟ್ಟಿರೋ ಶಕ್ತಿ, ಮನೆ ಬಿಸಿ ಮಾಡೋಕೆ ಅದರ ಕಾಲು ಭಾಗನೂ ಬೇಕಾಗಿರಲ್ಲ ಎಷ್ಟೋ ಮನೇಲಿ. ಹೀಟ್ ಪಂಪನ್ನ ಆ 24 ನೋಡಿ ದೊಡ್ಡದು ಹಾಕಿದ್ರೆ ಆನ್ ಆಫ್ ಆನ್ ಆಫ್ ಅಂತ ಸಾಯತ್ತೆ, ಕಂಪ್ರೆಸರ್ ಬಾಳಿಕೆಯೂ ಹಾಳು ಕರೆಂಟೂ ಹಾಳು.

ಎರಡು, ಬಾಯ್ಲರ್ ನೀರಿನ ಬಿಸಿ ಈಗ 70-75 ಡಿಗ್ರಿಗೆ ಇಟ್ಟಿರ್ತೀರಿ, ಹಾಕಿದವ್ನು ಬಿಟ್ಟು ಹೋದ ಸೆಟ್ಟಿಂಗು. ರೇಡಿಯೇಟರ್‌ಗೆ ಹೋಗೋ ನೀರನ್ನ 50ಕ್ಕೆ ಇಳಿಸಿ, ಸ್ನಾನದ ನೀರಿನ ಸೆಟ್ಟಿಂಗ್ ಮುಟ್ಬೇಡಿ, ಸ್ಟೋರೇಜ್ ಟ್ಯಾಂಕ್ ಇದ್ರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೀಬಾರ್ದು ಅಂತ ಅದನ್ನ 60ರಲ್ಲಿ ಇಡ್ತಾರೆ. ಥರ್ಮೋಸ್ಟ್ಯಾಟ್ ಮೇಲೆ ಕೆಳಗೆ ಮಾಡ್ದೇ ಇಡೀ ದಿನ ಒಂದೇ ಕಡೆ ಬಿಡಿ. ಮನೆ 20 ಡಿಗ್ರಿ ಹಿಡ್ಕೊಂಡ್ರೆ ನಿಮ್ಮನೆ ಹೀಟ್ ಪಂಪಿಗೆ ಸಿದ್ಧ ಅಂತ. ಯಾವ ರೂಮ್ ಹಿಡ್ಕೊಳ್ಳಲ್ವೋ ಅಲ್ಲಿ ರೇಡಿಯೇಟರ್ ಚಿಕ್ಕದು ಅಂತ ಅರ್ಥ, ಯಾಕಂದ್ರೆ ರೇಡಿಯೇಟರ್ ಶಕ್ತಿ ಬರೆಯೋದು ನೀರಿಗೂ ರೂಮಿಗೂ 50 ಡಿಗ್ರಿ ಅಂತರ ಇಟ್ಕೊಂಡು, ಆ ಅಂತರ 30ಕ್ಕೆ ಇಳಿದ್ರೆ ಶಾಖ ಅರ್ಧ ಆಗತ್ತೆ. ಹಳೇ ಮನೆಗೆ ಹೀಟ್ ಪಂಪ್ ಆಗಲ್ಲ ಅನ್ನೋ ಮಾತು ಹುಟ್ಟಿರೋದೇ ಇಲ್ಲಿ. ಮೆಷಿನ್ ಸರಿಯಾಗೇ ಇರತ್ತೆ, ಹಳೇ ಚಿಕ್ಕ ರೇಡಿಯೇಟರಿಗೇ ಜೋಡಿಸಿ ಹೋಗಿರ್ತಾರೆ, ಮನೆ ಬಿಸಿ ಆಗ್ತಿಲ್ಲ ಅಂತ ನೀರಿನ ಬಿಸಿ ಏರಿಸ್ತಾರೆ, ಒಂದೊಂದು ಡಿಗ್ರಿ ಏರಿಸಿದಂಗೂ 2-3% ಕರೆಂಟ್ ಜಾಸ್ತಿ, ಕೊನೆಗೆ ಬಿಲ್ ನೋಡಿ ಹೀಟ್ ಪಂಪೇ ಮೋಸ ಅಂತಾರೆ.

ಇನ್ನೂ ಒಂದು, ನೀವು ಕೊನೆಗೆ ಗ್ಯಾಸಲ್ಲೇ ಉಳಿದ್ರೂ ಈ ಪರೀಕ್ಷೆ ದಂಡ ಅಲ್ಲ. ಹೊಸ ಕಂಡೆನ್ಸಿಂಗ್ ಬಾಯ್ಲರ್ 90%ಗೂ ಮೇಲೆ ಕೊಡತ್ತೆ ಅಂತ ಮಾರ್ತಾರಲ್ಲ, ಅದು ಹೊಗೆಯಲ್ಲಿರೋ ನೀರಾವಿನ ನೀರು ಮಾಡಿ ಆ ಶಾಖ ವಾಪಸ್ ಹಿಡಿಯೋದ್ರಿಂದ ಬರೋದು, ರೇಡಿಯೇಟರಿಂದ ವಾಪಸ್ ಬರೋ ನೀರು 55ಕ್ಕಿಂತ ತಣ್ಣಗಿದ್ರೆ ಮಾತ್ರ ಅದು ನಡೆಯೋದು. 75ರಲ್ಲಿ ಓಡಿಸಿದ್ರೆ ಕಂಡೆನ್ಸಿಂಗ್ ಅನ್ನೋದು ಬರೀ ಹೆಸರಿಗೆ.

ಅನುಮಾನಸ್ಥ
ಸರಿ ಒಪ್ಕೊಂಡೆ ಅಂತಿಟ್ಕೊಳ್ಳಿ. ದುಡ್ಡಿನ ಲೆಕ್ಕ? ಕರೆಂಟ್ ಗ್ಯಾಸಿಗಿಂತ ದುಬಾರಿ, ಮೂರು ಪಟ್ಟು ಶಾಖ ಕೊಟ್ರೂ ಬೆಲೆ ನಾಲ್ಕು ಪಟ್ಟು ಇದ್ರೆ ಏನ್ ಬಂತು.

ಲೆಕ್ಕದಪುಸ್ತಕ
ಸರಿಯಾದ ಪ್ರಶ್ನೆ, ಇದಕ್ಕೆ ಎಲ್ರಿಗೂ ಒಂದೇ ಉತ್ತರ ಇಲ್ಲ, ನಿಮ್ ಬಿಲ್ ತೆಗ್ದು ನೋಡಿ. ಕರೆಂಟ್ ಯೂನಿಟ್ ಬೆಲೆಯನ್ನ ಗ್ಯಾಸ್ ಯೂನಿಟ್ ಬೆಲೆಯಿಂದ ಭಾಗಿಸಿ. ವರ್ಷದ ಸರಾಸರಿ ಸಿಒಪಿ 3, ಗ್ಯಾಸ್ ಬಾಯ್ಲರ್ 90% ಅಂತ ಹಿಡಿದ್ರೆ ಸಮ ಆಗೋ ಗಡಿ 3.3. ನಿಮ್ ಅನುಪಾತ ಅದಕ್ಕಿಂತ ಕಮ್ಮಿ ಇದ್ರೆ ಹೀಟ್ ಪಂಪ್ ಗೆಲ್ಲತ್ತೆ, ಜಾಸ್ತಿ ಇದ್ರೆ ಓಡಿಸೋ ಖರ್ಚಲ್ಲಿ ಗ್ಯಾಸ್ ಗೆಲ್ಲತ್ತೆ. ಸಿಒಪಿ 4 ಬಂದ್ರೆ ಗಡಿ 4.4ಕ್ಕೆ ಹೋಗತ್ತೆ, ನೀರು ಎಷ್ಟು ಬಿಸಿ ಅನ್ನೋದ್ರ ಬಗ್ಗೆ ಸ್ಕ್ರೂಡ್ರೈವರ್ ಅಷ್ಟು ತಲೆ ಕೆಡಿಸ್ಕೊಂಡಿದ್ದು ಇದಕ್ಕೇ. ಸೀಮೆಎಣ್ಣೆ, ಹೀಟಿಂಗ್ ಆಯಿಲ್, ಸಿಲಿಂಡರ್ ಗ್ಯಾಸ್ ಬಳಸೋರೂ ಹಿಂಗೇ ಲೆಕ್ಕ ಹಾಕಿ, ಆಯಿಲ್ ಲೀಟರಿಗೆ 10 ಯೂನಿಟ್, ಎಲ್‌ಪಿಜಿ ಕಿಲೋಗೆ 13 ಹತ್ರ. ಎಲ್ಲಾ ಒಂದೇ ಅಳತೆಗೆ ತಂದ್ಮೇಲೆ ಹೋಲಿಸಿ, ಲೀಟರು ಕಿಲೋ ಯೂನಿಟ್ಟು ಅಂತ ಬೇರೆ ಬೇರೆ ಇಟ್ಕೊಂಡು ಜಗಳ ಆಡಿ ಉಪಯೋಗ ಇಲ್ಲ.

ಬೋರ್‌ವೆಲ್ ಥರ ತೋಡಿ ಭೂಮಿಯಿಂದ ಶಾಖ ತೆಗೆಯೋದೂ ಇದೆ. ಹತ್ತು ಮೀಟರ್ ಕೆಳಗೆ ಹೋದ್ರೆ ಭೂಮಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ ಬಿಸಿ, ಹೊರಗೆ ಮೈನಸ್ ಆದ್ರೂ ಸಿಒಪಿ ಬೀಳಲ್ಲ, ಡಿಫ್ರಾಸ್ಟ್ ಕಾಟ ಇಲ್ಲ. ತೋಡೋ ಖರ್ಚೇ ಮೆಷಿನ್‌ಗಿಂತ ಜಾಸ್ತಿ ಆಗೋದ್ರಿಂದ ಒಂಟಿ ಹಳೇ ಮನೆಗೆ ಕೂಡಿ ಬರೋದು ಕಷ್ಟ. ಐಸ್‌ಲ್ಯಾಂಡಿನ ರೇಕ್ಯಾವಿಕ್ ಥರ ಭೂಮಿ ಬಿಸಿನೀರೇ ಪೈಪಲ್ಲಿ ಮನೆ ಬಾಗಿಲಿಗೆ ಬರೋ ಊರಾದ್ರೆ ಚರ್ಚೆಯೇ ಬೇಡ, ಸೇರ್ಕೊಂಬಿಡಿ.

ಧೂಳುಕಣ
ಎಲ್ರೂ ದುಡ್ಡು ದುಡ್ಡು ಅಂತಿದೀರಿ, ಒಂದು ಪ್ರಾಣದ ವಿಷ್ಯ ಹೇಳ್ಬಿಡ್ತೀನಿ. ಬಾಯ್ಲರ್ ಕೆಟ್ಟಾಗ ತಾತ್ಕಾಲಿಕಕ್ಕೆ ಅಂತ ಚಿಮಣಿ ಇಲ್ದಿರೋ ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ತಂದು ಬಾಗಿಲು ಹಾಕ್ಕೊಂಡು ಮಲಗ್ಬೇಡಿ. ಇದ್ದಿಲ ಅಗ್ಗಿಷ್ಟಿಕೆ ಅಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ವಾಂತಿ ಬಂದು ಜ್ವರ ಇರ್ಬೇಕು ಅನ್ಕೊಳ್ತೀರಿ, ಹೊರಗೆ ಹೋದ್ರೆ ಸರಿ ಹೋಗತ್ತೆ ಒಳಗೆ ಬಂದ್ರೆ ಮತ್ತೆ ಶುರು ಅಂದ್ರೆ ಅದೇ. ಗ್ಯಾಸು, ಸೌದೆ, ಆಯಿಲ್ ಯಾವ್ದು ಸುಟ್ರೂ ಮಲಗೋ ಕಡೆ ಅಲಾರಂ ಇರ್ಲೇಬೇಕು. ಜೊತೆಗೆ ಒಂದು ಲೀಟರ್ ಸೀಮೆಎಣ್ಣೆ ಉರಿದ್ರೆ ಒಂದು ಲೀಟರಿಗೂ ಮೇಲೆ ನೀರು ಆವಿಯಾಗಿ ರೂಮಿಗೇ ಬರತ್ತೆ, ಬೆಳಗ್ಗೆ ಕಿಟಕಿಯೆಲ್ಲಾ ಬೆವರಿರತ್ತೆ. ಕರೆಂಟ್ ಹೀಟರ್ ತಂದ್ರೆ ನೇರ ಗೋಡೆ ಸಾಕೆಟ್‌ಗೆ ಹಾಕಿ, 2 ಕಿಲೋವ್ಯಾಟ್‌ನ ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರಿಗೆ ಹಾಕಿದ್ರೆ ಪ್ಲಗ್ ಕರಗತ್ತೆ.

ಮೂಲೆಮನೆ
ಎಲ್ರಿಗೂ ಥ್ಯಾಂಕ್ಸ್. ಎರಡೂ ಪರೀಕ್ಷೆ ಮಾಡ್ದೆ. ಹೊರಗೆ ದಿನದ ಸರಾಸರಿ 2 ಡಿಗ್ರಿ ಇತ್ತು, ಗ್ಯಾಸ್ ಮೀಟರ್ 17 ಕ್ಯೂಬಿಕ್ ಮೀಟರ್ ಓಡಿತ್ತು, ಸ್ನಾನದ ನೀರೂ ಸೇರಿ. ಲೆಕ್ಕ ಹಾಕಿದ್ರೆ 6 ಕಿಲೋವ್ಯಾಟ್ ಬರತ್ತೆ. 16 ಅಂದವ್ನು ಎಲ್ಲಿಂದ ತಂದ?

ನೀರು 50ಕ್ಕೆ ಇಳಿಸಿದ್ದಕ್ಕೆ ಮೊದಲನೇ ದಿನ ಮನೇಲಿ ಎಲ್ರೂ ಬೈದ್ರು, ಯಾಕಂದ್ರೆ ರೇಡಿಯೇಟರ್ ಮುಟ್ಟಿದ್ರೆ ಮೊದಲಿನ ಥರ ಸುಡಲ್ಲ, ಉಗುರುಬೆಚ್ಚಗಿಂತ ಸ್ವಲ್ಪ ಮೇಲೆ ಅಷ್ಟೇ, ಕೆಟ್ಟೋಗಿದೆ ಅಂದ್ಕೊಂಡ್ರು. ಆದ್ರೆ ಹಾಲ್, ಅಡುಗೆಮನೆ, ಒಂದು ಬೆಡ್‌ರೂಮು 20 ಹಿಡ್ಕೊಂಡಿದೆ, ರಾತ್ರಿ ಬೆಳಗ್ಗೆ ಏರಿಳಿತನೂ ಕಮ್ಮಿ. ಮೇಲಿನ ಉತ್ತರದ ರೂಮು ಮಾತ್ರ 17 ದಾಟ್ತಿಲ್ಲ. ಅಲ್ಲಿ ರೇಡಿಯೇಟರ್ ಮೇಲ್ಗಡೆ ಬಿಸಿ, ಕೆಳಗಡೆ ನಡುಮಧ್ಯ ತಣ್ಣಗಿದೆ.

ಸ್ಕ್ರೂಡ್ರೈವರ್
ಮೇಲೆ ತಣ್ಣಗಿದ್ರೆ ಗಾಳಿ ಸೇರಿದೆ ಅಂತ, ರೇಡಿಯೇಟರ್ ಮೇಲಿನ ವಾಲ್ವ್ ಕೀ ತಿರುಗ್ಸಿ ಗಾಳಿ ಬಿಟ್ರೆ ಮುಗೀತು. ಕೆಳಗೆ ನಡುವೆ ತಣ್ಣಗಿದ್ರೆ ಕೆಸರು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಪ್ಪು ಮಡ್ಡಿ ತಳಕ್ಕೆ ಕೂತಿದೆ. ಬಿಚ್ಚಿ ಹೊರಗೆ ತಗೊಂಡೋಗಿ ಹೋಸ್ ಪೈಪಲ್ಲಿ ತೊಳೀಬೇಕು, ಅಂಗಳದ ಕಲ್ಲಿನ ಮೇಲೆ ತೊಳೀಬೇಡಿ ಆ ಕಪ್ಪು ಕಲೆ ಹೋಗಲ್ಲ. ಹೊಸ ಮೆಷಿನ್ ಏನೇ ಬಂದ್ರೂ ಜೋಡಿಸೋ ಮುಂಚೆ ಇಡೀ ಲೈನ್ ಫ್ಲಶ್ ಮಾಡ್ಸಿ, ಮ್ಯಾಗ್ನೆಟ್ ಫಿಲ್ಟರ್ ಹಾಕ್ಸಿ, ಇಲ್ದಿದ್ರೆ ಅದೇ ಮಡ್ಡಿ ಹೊಸದರ ಹೊಟ್ಟೆಗೆ ಹೋಗತ್ತೆ.

ಆ ರೂಮಿನ ರೇಡಿಯೇಟರ್ ಒಂದೇ ಹಲಗೆದಾ? ಆದ್ರೆ ಅದೇ ಉದ್ದ ಅಗಲದ ಜೋಡಿ ಹಲಗೆದು, ಟೈಪ್ 22 ಅಂತಾರೆ, ಅದು ಹಾಕ್ಸಿ, ಒಂದೂವರೆ ಪಟ್ಟಿಗೂ ಮೇಲೆ ಶಾಖ ಬರತ್ತೆ, ಪೈಪ್ ಬದಲಾಯಿಸೋದು ಬೇಕಾಗಲ್ಲ.

6 ಅನ್ನೋದು 2 ಡಿಗ್ರಿಯದು. ನಿಮ್ ಕಡೆ ಚಳಿ ತೀರಾ ಜಾಸ್ತಿ ಅಂದ್ರೆ ಎಷ್ಟಕ್ಕೆ ಇಳಿಯತ್ತೆ? ಮೈನಸ್ 5 ಅಂತ ಹಿಡಿದ್ರೆ ಅಂತರ 18 ಇದ್ದಿದ್ದು 25 ಆಯ್ತು, 6 ಹೋಗಿ 8ರ ಮೇಲೆ ಸ್ವಲ್ಪ. ಅಟ್ಟಕ್ಕೆ ಹೊದ್ದಿಸಿದ್ರೆ ಅದೂ ಇಳಿಯತ್ತೆ. 16 ಹಾಕಿಸ್ಕೊಂಡಿದ್ರೆ ಡಬಲ್ ಆಗ್ತಿತ್ತು.

ಮೂಲೆಮನೆ
ಮೈನಸ್ 5 ಸರಿ, ಅದಕ್ಕಿಂತ ಕೆಳಗೆ ಅಪರೂಪ. ರೇಡಿಯೇಟರ್ ಒಂದೇ ಹಲಗೆದು. ಹಂಗಾದ್ರೆ ಈ ವರ್ಷ ಅಟ್ಟ, ಬಾಗಿಲ ಸಂದಿ, ಆ ಒಂದು ರೇಡಿಯೇಟರು, ಫ್ಲಶ್ಶು. ಬಾಯ್ಲರ್ 50ರಲ್ಲೇ ಓಡ್ಲಿ. ಕರೆಂಟ್-ಗ್ಯಾಸ್ ಬೆಲೆ ಅನುಪಾತ ನಮ್ ಬಿಲ್ಲಲ್ಲಿ 3 ಆಸುಪಾಸು ಬರ್ತಿದೆ, ಅಂದ್ರೆ ಹೀಟ್ ಪಂಪ್ ಗೆಲ್ಲತ್ತೆ ಆದ್ರೆ ಕೂದಲೆಳೆ ಅಂತರ, ಆತುರ ಇಲ್ಲ. ಮುಂದೆ ಹೀಟ್ ಪಂಪ್ ಹಾಕ್ಸಿದ್ರೆ ಅದರ ಹೊರಗಿನ ಮೆಷಿನ್ ಇಡೋಕೆ ಎರಡು ಜಾಗ ಇದೆ, ಬಾಗಿಲ ಪಕ್ಕದ ಓಣಿ ಇಲ್ಲಾ ಹಿಂದೆ ಬೆಡ್‌ರೂಮ್ ಕಿಟಕಿ ಕೆಳಗೆ. ಓಣಿ ಆದ್ರೆ ಪೈಪ್ ಗಿಡ್ಡ ಆಗತ್ತೆ ಅಂತ ಹೇಳ್ತಿದಾರೆ.

ತಂಗಾಳಿ
ಓಣಿ ಬೇಡ. ಎರಡು ಗೋಡೆ ಮಧ್ಯೆ ಇಟ್ರೆ ಸದ್ದು ಗುಯ್‌ಗುಡತ್ತೆ, ಅದು ಊದೋ ಥಂಡಿ ಗಾಳಿ ಎದುರು ಗೋಡೆಗೆ ಬಡಿದು ವಾಪಸ್ ಅದಕ್ಕೇ ಬಂದು ಸಿಒಪಿ ಬೀಳತ್ತೆ, ಮೇಲಾಗಿ ಡಿಫ್ರಾಸ್ಟ್ ನೀರು ನೀವು ನಡೆಯೋ ದಾರೀಲೇ ಹೆಪ್ಪುಗಟ್ಟತ್ತೆ. ಹಿಂದೇನೇ ಇಡಿ, ಕಿಟಕಿಯಿಂದ ಸ್ವಲ್ಪ ಪಕ್ಕಕ್ಕೆ, ಗೋಡೆಗೆ ಬ್ರಾಕೆಟ್ ಹೊಡೀದೇ ನೆಲದ ಮೇಲೆ ರಬ್ಬರ್ ಕಾಲಿನ ಸ್ಟ್ಯಾಂಡ್ ಹಾಕಿ, ಗೋಡೆಗೆ ಹೊಡೆದ್ರೆ ನಡುಕ ಮಂಚದವರ್ಗೂ ಬರತ್ತೆ. ಕೆಳಗೆ ಜಲ್ಲಿ ತುಂಬಿದ ಗುಂಡಿ ಮಾಡ್ಸಿ, ನೀರು ಅಲ್ಲೇ ಇಂಗ್ಲಿ. ಪೈಪ್ ಒಂದೆರಡು ಮೀಟರ್ ಉದ್ದ ಆದ್ರೆ ಆಗ್ಲಿ, ದಪ್ಪ ಇನ್ಸುಲೇಷನ್ ಸುತ್ತಿಸಿ.